ಹೊಯಿ ಆನ್‌ನಲ್ಲಿ ಊಟದ ಖರ್ಚು ಕೈಮೀರದಂತೆ ನೋಡಿಕೊಳ್ಳುವುದು ಹೇಗೆ?

ವಿಯೆಟ್ನಾಮಿನ ಹೊಯಿ ಆನ್ ಪುಟ್ಟ ಊರು. 1999ರಲ್ಲಿ ಇಲ್ಲಿನ ಹಳೇ ಪೇಟೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಸಂಜೆಯಾದರೆ ಬೀದಿ ತುಂಬ ಪ್ರವಾಸಿಗರು. ಇಲ್ಲಿ ಊಟದ ಬೆಲೆ ತೀರ್ಮಾನವಾಗುವುದು ಬಹುತೇಕ ನೀವು ಎಲ್ಲಿ ಕೂರುತ್ತೀರಿ ಎಂಬುದರ ಮೇಲೆ. ಅದೇ ನೂಡಲ್ಸ್‌ಗೆ ತೂ ಬೋನ್ ನದಿಯ ದಂಡೆಯಲ್ಲಿ ಕೂತರೆ ಜಾಸ್ತಿ, ಒಳಗಿನ ಗಲ್ಲಿಯಲ್ಲಿ ಕೂತರೆ ಎಷ್ಟೋ ಕಮ್ಮಿ. ಬಜೆಟ್ ಹಾಕುವಾಗ ಇದನ್ನು ಮರೆಯಬೇಡಿ.

ಮೊದಲ ಕೆಲಸ, ವಿಯೆಟ್ನಾಮಿನ ಹಣವಾದ ಡಾಂಗ್ ಲೆಕ್ಕಕ್ಕೆ ಒಗ್ಗಿಕೊಳ್ಳುವುದು. 30,000 ಡಾಂಗ್ ಅಂದರೆ ಹೆಚ್ಚುಕಮ್ಮಿ 100 ರೂಪಾಯಿ. ಇದೊಂದು ನೆನಪಿದ್ದರೆ ಸಾಕು, ಪ್ರತಿ ಸಲ ಮೊಬೈಲ್ ತೆಗೆಯಬೇಕಿಲ್ಲ. ಮೆನುವಿನಲ್ಲಿ ಬರೀ 40 ಅಂತ ಇದ್ದರೆ ಅದು 40,000. ಇಪ್ಪತ್ತು ಸಾವಿರದ ನೋಟೂ ಐದು ಲಕ್ಷದ ನೋಟೂ ಎರಡೂ ನೀಲಿ. ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಎರಡು ದಿನದ ಊಟದ ದುಡ್ಡು ಹೋಯಿತು! ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿ ಇಡಿ.

ಆಮೇಲೆ ದಿನವನ್ನು ಹೊತ್ತುಹೊತ್ತಿಗೆ ಹಂಚಿಕೊಳ್ಳಿ. ಬೆಳಿಗ್ಗೆ ಬಾನ್ ಮೀ, ಅಂದರೆ ಗರಿಗರಿ ಬ್ರೆಡ್ಡಿನೊಳಗೆ ತರಕಾರಿ, ಮೊಟ್ಟೆ ಅಥವಾ ಮಾಂಸ ತುಂಬಿದ ತಿಂಡಿ. ಇದಕ್ಕೆ ಸುಮಾರು 30,000. ಕಂಡೆನ್ಸ್ಡ್ ಮಿಲ್ಕ್ ಹಾಕಿದ ಐಸ್ ಕಾಫಿಗೆ 25,000. ಮಧ್ಯಾಹ್ನ ಒಂದು ಬಟ್ಟಲು ನೂಡಲ್ಸ್ 50,000 ಒಳಗೆ. ರಾತ್ರಿಗೆ ಒಂದು ಲಕ್ಷ, ನೀರು ಮತ್ತು ಹಣ್ಣಿಗೆ 40,000 ಇಡಿ. ಒಟ್ಟು ಸುಮಾರು ಎರಡೂವರೆ ಲಕ್ಷ ಡಾಂಗ್, ನಮ್ಮ 800ರಿಂದ 850 ರೂಪಾಯಿ. ಇಷ್ಟರಲ್ಲಿ ಒಬ್ಬರು ಹೊಟ್ಟೆ ತುಂಬ ಉಣ್ಣಬಹುದು. ನದಿ ನೋಡುತ್ತಾ ಉಣ್ಣುವ ಆಸೆಯಿದ್ದರೆ ಪ್ರವಾಸದಲ್ಲಿ ಒಂದು ರಾತ್ರಿಯನ್ನು ಅದಕ್ಕೇ ಮೀಸಲಿಡಿ, ಅವತ್ತಿಗೆ ಇದರ ಎರಡು ಪಟ್ಟು ಎತ್ತಿಡಿ. ದಿನಾ ಅಲ್ಲೇ ಕೂತರೆ ಮಾತ್ರ ಜೇಬು ಖಾಲಿ.

ಮೊದಲ ದಿನ ನದಿ ಪಕ್ಕದ ಮಾರ್ಕೆಟ್ಟಿಗೆ ಹೋಗಿ. ಒಳಗೆ ಊಟದ ಅಂಗಡಿಗಳು ಸಾಲಾಗಿವೆ. ಊರಿನ ತಿಂಡಿಗಳ ಬೆಲೆ ಎಷ್ಟಿರಬೇಕು ಅನ್ನುವ ಅಂದಾಜು ಇಲ್ಲೇ ಸಿಗುತ್ತದೆ. ಕಾವ್ ಲಾವ್ ಇಲ್ಲಿನದೇ ತಿನಿಸು. ದಪ್ಪ ನೂಡಲ್ಸ್, ಸೊಪ್ಪು, ಹಂದಿಮಾಂಸ, ತಳದಲ್ಲಿ ತುಸುವೇ ರಸ. ಇದರ ನೂಡಲ್ಸಿಗೆ ಬಾ ಲೆ ಬಾವಿಯ ನೀರೇ ಆಗಬೇಕು ಅನ್ನುವುದು ಊರಿನ ಹಳೇ ನಂಬಿಕೆ. ಮಾಂಸ ತಿನ್ನುವವರು ಇದನ್ನು ಬಿಡಬೇಡಿ.

ಸಸ್ಯಾಹಾರಿಗಳಿಗೆ ಭಯ ಜಾಸ್ತಿ, ಅಲ್ವಾ? ಭಾರತೀಯ ಹೋಟೆಲ್ ಹುಡುಕಿಕೊಂಡು ಹೋಗಿ ಎರಡು ಮೂರು ಪಟ್ಟು ದುಡ್ಡು ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ. ಬೌದ್ಧರ ಊರಿದು, ಸಸ್ಯಾಹಾರ ಇವರಿಗೆ ಹೊಸದಲ್ಲ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಇದೆಯಾ ನೋಡಿ. ಅದನ್ನು 'ಚಾಯ್' ಅನ್ನುತ್ತಾರೆ, ಅರ್ಥ ಚಹಾ ಅಲ್ಲ, ಸಸ್ಯಾಹಾರ. 'ಚಾಯ್' ಅಂತ ಕೇಳಿದರೂ ಸಾಕು. ಇಂಥ ಕಡೆ ಅನ್ನ, ತೋಫು, ಸೊಪ್ಪಿನ ಪಲ್ಯ ತುಂಬಿದ ತಟ್ಟೆ 40,000 ಆಸುಪಾಸಿಗೆ ಸಿಗುತ್ತದೆ. ಹುಣ್ಣಿಮೆಯಂದೂ ಚಾಂದ್ರಮಾನ ತಿಂಗಳ ಮೊದಲ ದಿನವೂ ಅನೇಕರು ಮಾಂಸ ಬಿಡುತ್ತಾರೆ, ಅವತ್ತು ಆಯ್ಕೆ ಇನ್ನೂ ಹೆಚ್ಚು. ಮಾಮೂಲಿ ಹೋಟೆಲಿನಲ್ಲಿ 'ಮಾಂಸ ಬೇಡ' ಅಂದರೆ ಸಾಲದು. ಮೀನಿನ ಸಾಸ್ ತರಕಾರಿಗೂ ಬಿದ್ದಿರುತ್ತದೆ.

ಬಿಲ್ ವಿಷಯಕ್ಕೆ ಬರೋಣ. ಮೇಜಿನ ಮೇಲಿಟ್ಟ ಕಡಲೆಕಾಯಿ, ಒದ್ದೆ ಟಿಶ್ಯೂ ಕೆಲವು ಕಡೆ ಪುಕ್ಕಟೆ ಅಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕೊಡಿ. ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತಿದ್ದರೆ ತೆರಿಗೆ, ಸರ್ವಿಸ್ ಚಾರ್ಜ್ ಮೇಲೆ ಬೀಳುತ್ತದೆ. ಆನ್ ಬಾಂಗ್ ಬೀಚಿನಲ್ಲಿ ಸಿಗಡಿ, ಏಡಿ ತಿನ್ನುವ ಮನಸ್ಸಿದ್ದರೆ ಕಿಲೋಗೆ ಎಷ್ಟು ಅಂತ ಕೇಳಿ, ಎದುರಿಗೇ ತೂಗಿಸಿ, ಒಟ್ಟು ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ತೋರಿಸಲು ಹೇಳಿ. ಆಮೇಲೆ ಒಲೆಗೆ ಹೋಗಲಿ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಲ್ಲಿ ನೀರು ಕುಡಿಯಬೇಡಿ. ದೊಡ್ಡ ಬಾಟಲಿ ಅಂಗಡಿಯಲ್ಲಿ ಕೊಂಡು ರೂಮಿನಲ್ಲಿಡಿ. ಚಿಕ್ಕ ಬಾಟಲಿಗಳ ಖರ್ಚು ಗೊತ್ತಾಗದಂತೆ ಏರುತ್ತದೆ.

ವಾಪಸ್ ಹೊರಡುವ ದಿನ ಡಾ ನಾಂಗ್ ವಿಮಾನ ನಿಲ್ದಾಣಕ್ಕೆ ಸುಮಾರು 30 ಕಿಲೋಮೀಟರ್ ದಾರಿ. ಅಲ್ಲಿ ತಿನ್ನೋಣ ಅಂದುಕೊಂಡರೆ ದುಬಾರಿ. ಉಳಿದ ಸಣ್ಣ ನೋಟುಗಳಿಗೆ ಊರಲ್ಲೇ ಎರಡು ಬಾನ್ ಮೀ ಕಟ್ಟಿಸಿಕೊಂಡು ಕಾರು ಹತ್ತಿ.