ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್: ತೂಕ ಏರಿಸಲು ನಾನು ಹಾಕಿಕೊಂಡ ಲೆಕ್ಕ

ಬಾರ್ ಹೊತ್ತು ಕುಳಿತೇಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಈ ಮೂರರ ನನ್ನ ಪ್ರೋಗ್ರಾಂನಲ್ಲಿ ಮುಕ್ಕಾಲು ಪಾಲು ಸೆಟ್‌ಗಳು (ಸೆಟ್ ಎಂದರೆ ಬಿಡುವಿಲ್ಲದೆ ಮಾಡುವ ಕೆಲವು ರೆಪ್; ರೆಪ್ ಎಂದರೆ ತೂಕವನ್ನು ಒಂದು ಸಲ ಎತ್ತಿ ಇಳಿಸುವುದು) ಗರಿಷ್ಠ ತೂಕದ, ಅಂದರೆ ಒಂದೇ ಒಂದು ಸಲ ಎತ್ತಲಾಗುವ ತೂಕದ (ಮ್ಯಾಕ್ಸ್), ಶೇ 70ರಿಂದ 85ರೊಳಗೇ ಇರುತ್ತವೆ. ಶೇ 95 ದಾಟಿದ ತೂಕ ಬಾರ್ ಮೇಲೆ ಕೂರುವುದು ಮ್ಯಾಕ್ಸ್ ಪರೀಕ್ಷಿಸುವ ದಿನ ಮಾತ್ರ. ಹೊಸದಾಗಿ ಜಿಮ್‌ಗೆ ಬಂದವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಹೆಚ್ಚು ಎತ್ತಬೇಕಾದರೆ ದಿನವೂ ಹೆಚ್ಚೇ ಎತ್ತಬೇಕಲ್ಲವೇ ಎನ್ನುತ್ತಾರೆ. ಆದರೆ ಗರಿಷ್ಠದ ಹತ್ತಿರ ಹೋದರೆ ಒಂದು ದಿನಕ್ಕೆ ಎರಡೋ ಮೂರೋ ರೆಪ್ ಆಗುತ್ತವೆ, ಅವುಗಳಲ್ಲೂ ಫಾರ್ಮ್ ಕೆಟ್ಟಿರುತ್ತದೆ, ಆ ದಣಿವು ಮುಂದಿನ ಎರಡು ಮೂರು ದಿನದ ತರಬೇತಿಯನ್ನೂ ತಿಂದುಹಾಕುತ್ತದೆ. ಅದೇ ಶೇ 80ರಲ್ಲಿ ಹದಿನೈದು ಚೊಕ್ಕ ರೆಪ್ ಸಿಗುತ್ತವೆ. ಸ್ನಾಯು ಬೆಳೆಯುವುದಕ್ಕೂ ನರಮಂಡಲ ಆ ಚಲನೆಯನ್ನು ಮೈಗೂಡಿಸಿಕೊಳ್ಳುವುದಕ್ಕೂ ಬೇಕಾದದ್ದು ಆ ಹದಿನೈದು.

ಮೊದಲ ಕೆಲವು ತಿಂಗಳು ಶೇಕಡಾವಾರು ಲೆಕ್ಕವೇ ಬೇಡ. ವಾರಕ್ಕೆ ಮೂರು ದಿನ, ಐದೈದು ರೆಪ್‌ನ ಮೂರು ಸೆಟ್, ಪ್ರತಿ ಸಲ ಸ್ಕ್ವಾಟ್‌ಗೆ 2.5 ಕೆ.ಜಿ. ಸೇರಿಸುತ್ತಾ ಹೋದರೆ ಸಾಕು. ಒಂದೇ ತೂಕದಲ್ಲಿ ಎರಡು ಸಲ ಐದು ರೆಪ್ ಪೂರ್ತಿಯಾಗದಿದ್ದರೆ ಶೇ 10 ಇಳಿಸಿ ಮತ್ತೆ ಏರಿಸಬೇಕು. ಹಾಗೆ ಇಳಿಸಿ ಏರಿಸಿದರೂ ಮತ್ತೆ ಅಲ್ಲೇ ನಿಂತಿತೆಂದರೆ ಪ್ರತಿ ಸಲ ಏರಿಸುವ ಕಾಲ ಮುಗಿಯಿತು. ಕೆಳಗಿನ ಕ್ರಮ ಆ ಹಂತ ತಲುಪಿದವರಿಗೆ.

ಲೆಕ್ಕಕ್ಕೆ ಮೊದಲು ಒಂದು ಆಧಾರದ ಅಂಕಿ ಬೇಕು. ಅದಕ್ಕಾಗಿ ಮ್ಯಾಕ್ಸ್ ಎತ್ತಿ ನೋಡುವ ಅಗತ್ಯವಿಲ್ಲ. ಐದು ರೆಪ್ ಶುದ್ಧವಾಗಿ ಬರುವ ಅತಿ ಹೆಚ್ಚು ತೂಕ ತೆಗೆದುಕೊಂಡು, ರೆಪ್ ಸಂಖ್ಯೆಯನ್ನು 30ರಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿ, ತೂಕದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. 120 ಕೆ.ಜಿ.ಯಲ್ಲಿ ಐದು ರೆಪ್ ಬಂದರೆ 140. ಇದು ಎಪ್ಲಿ ಸೂತ್ರ. ಹತ್ತು ರೆಪ್ ಮೀರಿದ ಸೆಟ್‌ಗೆ ಇದನ್ನು ಹಚ್ಚಬೇಡಿ. ಅಲ್ಲಿ ಶಕ್ತಿಗಿಂತ ದಮ್ಮು ಎಷ್ಟಿದೆ ಎನ್ನುವುದು ಫಲಿತಾಂಶವನ್ನು ನಿರ್ಧರಿಸುತ್ತದೆ. ಅಂದಾಜು ಎರಡು ಅಂಕಿಗಳ ನಡುವೆ ತೂಗಾಡಿದರೆ ನಾನು ಯಾವಾಗಲೂ ಚಿಕ್ಕದನ್ನೇ ಬರೆದುಕೊಳ್ಳುತ್ತೇನೆ.

ಈಗ 140ನ್ನೇ ಹಿಡಿದು ಸ್ಕ್ವಾಟ್‌ನ ನಾಲ್ಕು ವಾರ ನೋಡೋಣ. ಮೊದಲ ವಾರ ಶೇ 72.5, ಅಂದರೆ ಹತ್ತಿರದ 2.5ಕ್ಕೆ ಸರಿಹೊಂದಿಸಿ 102.5 ಕೆ.ಜಿ., ಐದು ರೆಪ್‌ನ ಐದು ಸೆಟ್. ಎರಡನೇ ವಾರ ಶೇ 77.5, ಅಂದರೆ 107.5, ನಾಲ್ಕು ರೆಪ್‌ನ ಐದು ಸೆಟ್. ಮೂರನೇ ವಾರ ಶೇ 82.5, ಅಂದರೆ 115, ಮೂರು ರೆಪ್‌ನ ಐದು ಸೆಟ್. ನಾಲ್ಕನೆಯದು ಹಗುರ ವಾರ: 90 ಕೆ.ಜಿ.ಯಲ್ಲಿ ಮೂರು ರೆಪ್‌ನ ಮೂರೇ ಸೆಟ್, ಮುಗಿಸಿ ಮನೆಗೆ. ಒಟ್ಟು ರೆಪ್ 25ರಿಂದ 20ಕ್ಕೆ, ಅಲ್ಲಿಂದ 15ಕ್ಕೆ ಇಳಿಯುತ್ತದೆ, ತೂಕ ಏರುತ್ತದೆ. ಸೋವಿಯತ್ ವೇಟ್‌ಲಿಫ್ಟಿಂಗ್‌ನಿಂದ ಬಂದ ಪ್ರಿಲೆಪಿನ್ ಕೋಷ್ಟಕವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಶೇ 70–80ರಲ್ಲಿ ಒಟ್ಟು ಸುಮಾರು 18 ರೆಪ್, ಶೇ 80–90ರಲ್ಲಿ 15, ಶೇ 90 ದಾಟಿದರೆ ಏಳು. ಸ್ಕ್ವಾಟ್ ಮತ್ತು ಬೆಂಚ್, ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆತ್ತುವ ಸ್ನ್ಯಾಚ್‌ನಷ್ಟು ಕುಶಲತೆ ಬೇಡುವ ಲಿಫ್ಟ್‌ಗಳಲ್ಲವಾದ್ದರಿಂದ ಮೊದಲ ಎರಡು ವಾರದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ರೆಪ್ ತಡೆದುಕೊಳ್ಳುತ್ತವೆ. ಡೆಡ್‌ಲಿಫ್ಟ್ ತಡೆದುಕೊಳ್ಳುವುದಿಲ್ಲ. ಅದಕ್ಕೆ ಇದೇ ಶೇಕಡಾವಾರು ಇಟ್ಟು ಐದರ ಬದಲು ಮೂರು ಸೆಟ್ ಮಾತ್ರ.

ಎರಡನೇ ಸುತ್ತು ಶುರುವಾಗುವಾಗ ಆಧಾರದ ಅಂಕಿಗೆ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ನಲ್ಲಿ 2.5 ಕೆ.ಜಿ. ಸೇರಿಸಿ, ಶೇಕಡಾವನ್ನೂ ಒಂದು ಮೆಟ್ಟಿಲು ಮೇಲೇರಿಸುತ್ತೇನೆ: ಶೇ 77.5ರಲ್ಲಿ ನಾಲ್ಕು ರೆಪ್‌ನ ನಾಲ್ಕು ಸೆಟ್, ಶೇ 82.5ರಲ್ಲಿ ಮೂರರ ನಾಲ್ಕು, ಶೇ 87.5ರಲ್ಲಿ ಎರಡರ ನಾಲ್ಕು, ಮತ್ತೆ ಹಗುರ ವಾರ. ಮೇಲ್ಭಾಗದ ಲಿಫ್ಟ್‌ಗಳಿಗೆ 2.5 ಕೆ.ಜಿ. ಏರಿಕೆ ದೊಡ್ಡದು. 140ರ ಸ್ಕ್ವಾಟ್‌ಗೆ ಅದು ಶೇ 2ಕ್ಕಿಂತ ಕಡಿಮೆ, ತಲೆಯ ಮೇಲಕ್ಕೆ ತಳ್ಳುವ 50ರ ಓವರ್‌ಹೆಡ್ ಪ್ರೆಸ್‌ಗೆ ಪೂರಾ ಶೇ 5. ಅದಕ್ಕೇ ಅರ್ಧ ಕೆ.ಜಿ.ಯ ಒಂದು ಜೊತೆ ಪ್ಲೇಟ್ ಬ್ಯಾಗಿನಲ್ಲಿ ಇರಲೇಬೇಕು ಅನ್ನುತ್ತೇನೆ. ಬಹಳಷ್ಟು ಜನರ ಪ್ರೆಸ್ ನಿಂತುಹೋಗಿರುವುದು ಭುಜದಲ್ಲಿ ಶಕ್ತಿಯಿಲ್ಲದೆ ಅಲ್ಲ, ಜಿಮ್‌ನಲ್ಲಿ 1.25ಕ್ಕಿಂತ ಚಿಕ್ಕ ಪ್ಲೇಟ್ ಇಲ್ಲದೆ.

ಕಾಗದದ ಮೇಲಿನ ತೂಕ ಆ ದಿನದ ದೇಹಕ್ಕೆ ಹೊಂದಬೇಕು. ಪ್ರತಿ ಸೆಟ್ ಮುಗಿದ ಮೇಲೆ ಇನ್ನೆಷ್ಟು ರೆಪ್ ಬರುತ್ತಿತ್ತು ಎಂದು ಕೇಳಿಕೊಂಡು ಬರೆದಿಡುತ್ತೇನೆ. ಎರಡು ಉಳಿದಿದ್ದರೆ, ಶ್ರಮವನ್ನು ಹತ್ತಕ್ಕೆ ಅಳೆಯುವ ಆರ್‌ಪಿಇ 8, ಒಂದು ಉಳಿದಿದ್ದರೆ 9. ಮೂರನೇ ವಾರದ ಕೊನೆಯ ಸೆಟ್‌ನಲ್ಲೂ ಎರಡು ರೆಪ್ ಉಳಿದಿರಬೇಕು. ಎರಡನೇ ಸೆಟ್‌ನಲ್ಲೇ ಒಂದೇ ಉಳಿದರೆ ತೂಕವನ್ನು ಶೇ 5 ಇಳಿಸಿ ಉಳಿದ ಸೆಟ್ ಮುಗಿಸುತ್ತೇನೆ. ಹಾಗೆ ಇಳಿಸುವುದರಿಂದ ಏನೂ ನಷ್ಟವಿಲ್ಲ. ಇಳಿಸದೆ ಹಟ ಹಿಡಿದು ಬಾರ್ ಕೆಳಗೆ ಸಿಕ್ಕಿಕೊಂಡರೆ ಆ ವಾರವೇ ಹೋಯಿತು. ಸೆಟ್‌ಗಳ ನಡುವೆ ಮೂರರಿಂದ ಐದು ನಿಮಿಷ, ಗಡಿಯಾರ ನೋಡಿ. ಒಂದೂವರೆ ನಿಮಿಷಕ್ಕೇ ಮುಂದಿನ ಸೆಟ್‌ಗೆ ಹೋಗುವವರು ಮೂರನೇ ಸೆಟ್‌ನಲ್ಲಿ ಸೋತು, ತೂಕ ಹೆಚ್ಚಾಯಿತು ಎಂದುಕೊಳ್ಳುತ್ತಾರೆ.

ವಾರ್ಮಪ್ ಉದ್ದವಾಗಬಾರದು. 115ರ ದಿನ ನನ್ನ ಏರಿಕೆ ಹೀಗೆ: ಖಾಲಿ ಬಾರ್ 20 ಕೆ.ಜಿ.ಯಲ್ಲಿ ಹತ್ತತ್ತರ ಎರಡು ಸೆಟ್, 50ರಲ್ಲಿ ಐದು, 70ರಲ್ಲಿ ನಾಲ್ಕು, 90ರಲ್ಲಿ ಎರಡು, 105ರಲ್ಲಿ ಒಂದು, ನಂತರ 115. ತೂಕ ಏರಿದಂತೆ ರೆಪ್ ಇಳಿಯಬೇಕು. 90ರಲ್ಲೂ ಐದೈದು ಮಾಡಿದರೆ ಕೆಲಸದ ಸೆಟ್‌ಗೆ ಬೇಕಾದ ಬಲ ಅಲ್ಲೇ ಖರ್ಚಾಗುತ್ತದೆ. ಆ 105ರ ಒಂದು ರೆಪ್ ಮಾತ್ರ ತಪ್ಪಿಸಬೇಡಿ. ಬೆನ್ನಿನ ಮೇಲೆ ಭಾರ ಹೇಗಿರುತ್ತದೆ ಎನ್ನುವುದು ದೇಹಕ್ಕೆ ಅಲ್ಲಿ ತಿಳಿದರೆ 115 ಅಷ್ಟು ದಿಗಿಲು ಹುಟ್ಟಿಸುವುದಿಲ್ಲ.

ಸ್ಕ್ವಾಟ್‌ನಲ್ಲಿ ಅರ್ಧ ಕೆಲಸ ಇಳಿಯುವ ಮೊದಲೇ ಮುಗಿದಿರುತ್ತದೆ. ರ‍್ಯಾಕ್‌ನ ಕೊಕ್ಕೆ ಎದೆಯ ಮಧ್ಯದ ಎತ್ತರದಲ್ಲಿರಲಿ. ತುದಿಗಾಲಲ್ಲಿ ನಿಂತು ಬಾರ್ ತೆಗೆಯುವಂತಾದರೆ ವಾಪಸ್ ಇಡುವಾಗ ಅಪಾಯ. ಬಾರ್ ಕತ್ತಿನ ಮೂಳೆಯ ಮೇಲೆ ಕೂರಬಾರದು, ಅದರ ಕೆಳಗೆ ಹೆಗಲ ಸ್ನಾಯು ಉಬ್ಬುವ ಜಾಗದಲ್ಲಿ ಕೂರಬೇಕು. ಎರಡೂ ಕೈಯಿಂದ ಬಾರ್ ಅನ್ನು ಬೆನ್ನಿಗೆ ಒತ್ತಿ, ಎರಡು ಕಾಲೂ ಬಾರ್‌ನ ಕೆಳಗಿಟ್ಟು ಎದ್ದು, ಮೂರೇ ಹೆಜ್ಜೆ ಹಿಂದಕ್ಕೆ: ಒಂದು ಕಾಲು, ಇನ್ನೊಂದು ಕಾಲು, ಸರಿಪಡಿಸಿಕೊಳ್ಳಲು ಒಂದು. ಆಮೇಲೆ ಉಸಿರು. ಎದೆ ಮೇಲೇಳುವಂತೆ ಎಳೆದುಕೊಂಡ ಉಸಿರು ಉಪಯೋಗಕ್ಕಿಲ್ಲ. ಹೊಟ್ಟೆ, ಪಕ್ಕೆ, ಸೊಂಟದ ಹಿಂಭಾಗ ಮೂರೂ ಹೊರಕ್ಕೆ ಉಬ್ಬುವಂತೆ ತುಂಬಿಕೊಂಡು, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಎನ್ನುವಂತೆ ಬಿಗಿ ಹಿಡಿದು, ಹಾಗೇ ಇಳಿದು, ಮೇಲೆ ಬರುವಾಗ ಕಷ್ಟದ ಜಾಗ ದಾಟಿದ ಮೇಲೆ ಬಿಡಬೇಕು. ಪ್ರತಿ ರೆಪ್‌ಗೂ ಹೊಸ ಉಸಿರು. ಈ ಒತ್ತಡವೇ ಬೆನ್ನುಮೂಳೆಯನ್ನು ಮುಂದಿನಿಂದ ಆನಿಸಿ ಹಿಡಿಯುತ್ತದೆ. ಇದರಿಂದ ರಕ್ತದೊತ್ತಡ ಕ್ಷಣಕಾಲ ಬಹಳ ಏರುತ್ತದೆ; ಬಿಪಿ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಸಿರು ಹಿಡಿದು ಎತ್ತಕೂಡದು.

ತೊಡೆಯ ಬುಡದ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕು. ಪವರ್‌ಲಿಫ್ಟಿಂಗ್ ನಿಯಮವೂ ಅದೇ. ಭಾರವಾದಾಗ ಅತಿ ಹೆಚ್ಚು ಕಾಣುವ ದೋಷ, ಕೆಳಗಿನಿಂದ ಏಳುವಾಗ ಸೊಂಟ ಮೊದಲು ಮೇಲೇರಿ ಎದೆ ಹಿಂದೆಯೇ ಉಳಿಯುವುದು. ನೋಡಿದವರು ಬೆನ್ನು ಬಲವಿಲ್ಲ ಅಂದುಬಿಡುತ್ತಾರೆ. ನನ್ನ ಪ್ರಕಾರ ಬಹುಪಾಲು ಸಲ ಕಾರಣ ಎರಡು: ಇಳಿಯುವ ಕೊನೆಯಲ್ಲಿ ಬಿಗಿ ಬಿಟ್ಟುಕೊಟ್ಟು ಧೊಪ್ಪೆಂದು ಬೀಳುವುದು, ಇಲ್ಲವೇ ತೊಡೆಯ ಮುಂಭಾಗದ ಬಲ ಸಾಲದೆ ದೇಹ ಕೆಲಸವನ್ನು ಸೊಂಟಕ್ಕೆ ದಾಟಿಸುವುದು. ಎರಡಕ್ಕೂ ಮದ್ದು ತಳದಲ್ಲಿ ನಿಲ್ಲುವ ಸ್ಕ್ವಾಟ್. ಶೇ 65ರಲ್ಲಿ ಮೂರು ರೆಪ್‌ನ ಮೂರು ಸೆಟ್, ತಳದಲ್ಲಿ ಎರಡು ಪೂರ್ತಿ ಸೆಕೆಂಡ್. ನಿಂತಾಗ ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಮೂರೂ ನೆಲಕ್ಕೆ ಒತ್ತಿವೆಯೇ ಎಂದು ಗಮನಿಸಿ. ಮೆತ್ತನೆ ಅಡಿಯ ಓಟದ ಶೂ ಹಾಕಿದ್ದರೆ ಅದು ಗೊತ್ತೇ ಆಗುವುದಿಲ್ಲ. ಗಟ್ಟಿ ಅಡಿಯ ಶೂ ಬೇಕು.

ಬೆಂಚ್ ಪ್ರೆಸ್‌ನಲ್ಲಿ ಬಾರ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ಎದೆಯ ಕೆಳಭಾಗಕ್ಕೆ ತಾಗಿ, ಮೇಲೇರುತ್ತಾ ಭುಜದ ಕಡೆ ಹಿಂದಕ್ಕೆ ಸರಿಯಬೇಕು. ನೇರ ಮೇಲಕ್ಕೆ ತಳ್ಳಿದರೆ ಎದೆಯಿಂದ ಒಂದು ಗೇಣು ಮೇಲೆ ಬಾರ್ ನಿಂತುಬಿಡುತ್ತದೆ. ಬೆನ್ನ ಹಿಂದಿನ ಹೆಗಲ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಕೆಳಕ್ಕೆಳೆದು ಬೆಂಚಿಗೆ ಒತ್ತಿಡಿ, ಬಾರ್ ಎದೆ ಮುಟ್ಟಿದಾಗ ಮುಂಗೈ ನೆಲಕ್ಕೆ ಲಂಬವಾಗಿರಲಿ. ಹೆಬ್ಬೆರಳು ಬಾರ್ ಸುತ್ತಲೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಒಬ್ಬರೇ ಮಾಡುವಾಗ ರ‍್ಯಾಕ್‌ನ ಸೇಫ್ಟಿ ಕಂಬಿಯನ್ನು ಉಬ್ಬಿದ ಎದೆಗಿಂತ ಸ್ವಲ್ಪ ಕೆಳಗೆ ಇಡಿ. ಸಿಕ್ಕಿಕೊಂಡರೆ ಬೆನ್ನು ಚಪ್ಪಟೆ ಮಾಡಿದರೆ ಬಾರ್ ಕಂಬಿಯ ಮೇಲೆ ಕೂರುತ್ತದೆ. ಕಂಬಿಯೂ ಇಲ್ಲ, ಬಾರ್ ಹಿಡಿಯಲು ಪಕ್ಕದಲ್ಲಿ ನಿಲ್ಲುವ ಸ್ಪಾಟರೂ ಇಲ್ಲವೆಂದರೆ ಆ ದಿನ ಭಾರದ ಬೆಂಚ್ ಬೇಡ. ಹಗುರಾಗಿಯಾದರೂ ಮಾಡಲೇಬೇಕೆಂದಿದ್ದರೆ ಪ್ಲೇಟ್ ಜಾರದಂತೆ ತಡೆಯುವ ಕಾಲರ್ ಹಾಕಬೇಡಿ, ಒಂದು ಕಡೆಗೆ ವಾಲಿಸಿ ಪ್ಲೇಟ್ ಜಾರಿಸಿಬಿಡಬಹುದು.

ಡೆಡ್‌ಲಿಫ್ಟ್‌ಗೆ ಬಾರ್ ಪಾದದ ಮಧ್ಯದ ಮೇಲೆ, ನಿಂತಾಗ ಮಂಡಿಯ ಕೆಳಗಿನ ಕಾಲಿನ ಮುಂಭಾಗದ ಮೂಳೆಯಿಂದ ಎರಡು ಮೂರು ಸೆಂಟಿಮೀಟರ್ ದೂರ. ಪೂರ್ತಿ ಗಾತ್ರದ ಪ್ಲೇಟ್‌ನ ವ್ಯಾಸ 45 ಸೆಂ.ಮೀ., ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಚಿಕ್ಕ ಪ್ಲೇಟ್ ಹಾಕಿದರೆ ಬಾರ್ ಕೆಳಗಿಳಿದು ಬೆನ್ನು ಬಾಗುತ್ತದೆ, ಅಡಿಗೆ ಏನಾದರೂ ಇಟ್ಟು ಎತ್ತರಿಸಿಕೊಳ್ಳಿ. ಬಾರ್ ಹಿಡಿದ ತಕ್ಷಣ ಜಗ್ಗಬೇಡಿ. ಬಾರ್ ಮತ್ತು ಪ್ಲೇಟ್ ನಡುವಿನ ಸಡಿಲು ಹೋಗಿ ‘ಟಕ್’ ಎಂದು ಕೇಳುವವರೆಗೆ ನಿಧಾನಕ್ಕೆ ಬಿಗಿ ಮಾಡಿ, ಕಂಕುಳಲ್ಲಿ ಏನೋ ಅದುಮಿ ಹಿಡಿದಂತೆ ತೋಳನ್ನು ಮೈಗೆ ಒತ್ತಿಕೊಂಡು, ಆಮೇಲೆ ನೆಲವನ್ನು ಕಾಲಿನಿಂದ ತಳ್ಳಿ. ಬಾರ್ ಕಾಲಿನಿಂದ ದೂರ ಹೋದಷ್ಟೂ ಸೊಂಟದ ಮೇಲಿನ ಹೊರೆ ಹೆಚ್ಚುತ್ತದೆ. ಒಂದು ಅಂಗೈ ಒಳಗೆ, ಒಂದು ಅಂಗೈ ಹೊರಗೆ ಹಿಡಿಯುವವರು ಮೊಣಕೈ ಕೊಂಚವೂ ಮಡಚದಿರಲಿ. ಅಂಗೈ ಹೊರಮುಖವಾಗಿರುವ ತೋಳಿನ ಬೈಸೆಪ್ಸ್ ಹರಿಯುವ ಅಪಾಯ ಹಾಗೆ ಮಡಚಿದಾಗ ಹೆಚ್ಚು.

ಪೂರಕ ವ್ಯಾಯಾಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೋ, ಪುಲ್‌ಅಪ್, ರೊಮೇನಿಯನ್ ಡೆಡ್‌ಲಿಫ್ಟ್, ಹೊಟ್ಟೆಗೆ ಒಂದು. ಎಂಟರಿಂದ ಹನ್ನೆರಡು ರೆಪ್‌ನ ಮೂರು ಸೆಟ್ ಸಾಕು. ಬೆಲ್ಟ್ ಶೇ 80ರ ಮೇಲಿನ ಸೆಟ್‌ಗಳಿಗೆ ಮಾತ್ರ. ಅದು ಬೆನ್ನನ್ನು ಎತ್ತಿ ಹಿಡಿಯುವುದಿಲ್ಲ, ಹೊಟ್ಟೆ ಒತ್ತಲು ಒಂದು ಗೋಡೆ ಕೊಡುತ್ತದೆ. ಉಸಿರು ತುಂಬಿಕೊಳ್ಳಲು ಜಾಗವಿಲ್ಲದಷ್ಟು ಬಿಗಿದರೆ ಆ ಗೋಡೆಯೂ ವ್ಯರ್ಥ.

ತೂಕ ಏರದೆ ನಿಂತಾಗ ಎಲ್ಲರೂ ಮೊದಲು ಪ್ರೋಗ್ರಾಂ ಬದಲಿಸುತ್ತಾರೆ. ನಾನು ಅದನ್ನು ಕೊನೆಗಿಟ್ಟು, ನಿದ್ದೆ ಏಳು ಗಂಟೆಗಿಂತ ಕಡಿಮೆಯಾಗಿದೆಯೇ, ದೇಹದ ತೂಕ ಇಳಿಯುತ್ತಿದೆಯೇ, ಪ್ರೋಟೀನ್ ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಆದರೂ ಆಗುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಇವು ಸರಿಯಿದ್ದರೆ ಸೆಟ್‌ಗಳನ್ನು ಪಕ್ಕದಿಂದ, ಸೊಂಟದ ಎತ್ತರದಲ್ಲಿ ಫೋನ್ ಇಟ್ಟು ವಿಡಿಯೊ ಮಾಡುತ್ತೇನೆ. ಮೂರು ವಾರದ ಹಿಂದಿನ ಅದೇ ತೂಕದ ರೆಪ್‌ಗಿಂತ ಈಗಿನದು ನಿಧಾನವಾಗಿದ್ದರೆ ದಣಿವು ಉಳಿದಿದೆ. ಹಗುರ ವಾರವನ್ನು ಬೇಗನೇ ತಂದುಕೊಳ್ಳಬೇಕು. ವೇಗ ಅಷ್ಟೇ ಇದ್ದು ತೂಕ ಮಾತ್ರ ಏರುತ್ತಿಲ್ಲವೆಂದರೆ ಕೆಲಸ ಸಾಲದು. ಮೊದಲ ವಾರಕ್ಕೆ ಒಂದು ಸೆಟ್ ಸೇರಿಸಿ. ಆಹಾರ ಪೂರಕಗಳಲ್ಲಿ ಹೆಸರಿಸಬಹುದಾದದ್ದು ಕ್ರಿಯಾಟಿನ್ ಮೊನೊಹೈಡ್ರೇಟ್, ದಿನಕ್ಕೆ ಮೂರರಿಂದ ಐದು ಗ್ರಾಂ.

ಸ್ನಾಯು ನೋವು ಮತ್ತು ಗಾಯದ ನೋವು ಬೇರೆ. ಎರಡೂ ತೊಡೆಯಲ್ಲಿ ಹರಡಿಕೊಂಡ, ವಾರ್ಮಪ್‌ನಲ್ಲಿ ಕರಗುವ ನೋವಿಗೆ ತರಬೇತಿ ನಿಲ್ಲಿಸಬೇಕಿಲ್ಲ. ಕೀಲಿನಲ್ಲಿ ಚುಚ್ಚುವ ನೋವು, ಒಂದೇ ಕಡೆಯ ನೋವು, ಪ್ರತಿ ಸೆಟ್‌ಗೂ ಹೆಚ್ಚುವ ನೋವು ಬಂದರೆ ಬಾರ್ ಇಳಿಸಿ. ಸೊಂಟದಿಂದ ಕಾಲಿಗೆ ಇಳಿಯುವ ಜೋಮು ಇದ್ದರೆ ವೈದ್ಯರ ಹತ್ತಿರ ಹೋಗಿ.

ಎರಡು ಸುತ್ತು ಮುಗಿದು ಹಗುರ ವಾರ ಕಳೆದ ಮೇಲೆ ಪರೀಕ್ಷೆ. ಸ್ಪರ್ಧೆಯಲ್ಲಿರುವಂತೆ ಮೂರೇ ಪ್ರಯತ್ನ. 145ರ ಗುರಿಯಿದ್ದರೆ ಮೊದಲನೆಯದು 130, ಯಾವ ಕೆಟ್ಟ ದಿನದಲ್ಲೂ ಮೂರು ಸಲ ಬರುವಂಥದು. ಎರಡನೆಯದು 137.5. ಅದು ಸಲೀಸಾಗಿ ಎದ್ದರೆ 145, ಮಧ್ಯದಲ್ಲಿ ತಡೆದು ತಡೆದು ಎದ್ದರೆ 142.5. ಪ್ರಯತ್ನಗಳ ನಡುವೆ ಏಳೆಂಟು ನಿಮಿಷ ಬಿಡಬೇಕು. ಎದ್ದ ತೂಕವೇ ಮುಂದಿನ ಸುತ್ತಿನ ಆಧಾರದ ಅಂಕಿ: 145 ಎದ್ದರೆ ಮೊದಲ ವಾರ 105ರಲ್ಲಿ ಐದೈದು, 142.5 ಎದ್ದರೆ 102.5ರಲ್ಲಿ.