ನೀರಿನ ಜಗ್ಗು ಹಿಡ್ಕೊಂಡು ಊರೊಳಗೆ ಸೇರಿದ್ದು

ನಾನು ಮಾತು ಕಮ್ಮಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದವ್ನು, ಲಿಫ್ಟ್ ಹತ್ರ ಪಕ್ಕದ್ಮನೆಯವ್ರು ನಿಂತಿದ್ರೆ ಮೆಟ್ಲು ಹತ್ಕೊಂಡು ಹೋಗೋ ಪೈಕಿ. 2021ರಲ್ಲಿ ಮಾವನಿಗೆ ಸೊಂಟದ ಆಪರೇಷನ್ ಆಗಿ ತೋಟ ನೋಡ್ಕೊಳ್ಳೋರು ಇಲ್ಲ ಅಂತಾಯ್ತು, ನಂಗೂ ವರ್ಕ್ ಫ್ರಮ್ ಹೋಮ್ ಇತ್ತಲ್ಲ, ಹೆಂಡ್ತಿ ಊರಿಗೇ ಬಂದ್ಬಿಟ್ವಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರೋಡಿಂದ ಒಳಗೆ, ಹೆಚ್ಚಂದ್ರೆ ಇಪ್ಪತ್ತು ಮನೆ, ಅದೂ ಒಂದು ತೋಟ ದಾಟಿದ್ರೆ ಇನ್ನೊಂದು ಮನೆ. ಇಷ್ಟು ದೂರ ದೂರ ಇದ್ರೆ ನಂಗೇ ಆರಾಮ ಅನ್ಕೊಂಡಿದ್ದೆ. ಮೂರನೇ ದಿನಕ್ಕೆ ನಾನು ತರಿಸಿದ ಪಾರ್ಸಲ್ಲಲ್ಲಿ ಏನಿತ್ತು ಅಂತ ಹಾಲಿನ ಡೈರಿಲಿ ಎಲ್ರಿಗೂ ಗೊತ್ತಿತ್ತು.

ಮೊದ್ಲು ಸಾಕಾಗಿದ್ದು ಪ್ರಶ್ನೆಗಳಿಂದ. "ಎಲ್ಲಿಗೆ ಹೊರಟಿದ್ದು ಭಾವ?" (ಊರಿನ ಅಳಿಯ ಅಲ್ವಾ, ನನ್ನ ವಾರಗೆಯವ್ರಿಗೆಲ್ಲ ನಾನು ಭಾವ.) ನಾನು ಬ್ಯಾಂಕಿಗೆ, ಪಾಸ್‌ಬುಕ್ ಎಂಟ್ರಿಗೆ, ಹಂಗೇ ಮಾವನ ಮಾತ್ರೆಗೆ ಅಂತ ಪೂರ್ತಿ ವರದಿ ಒಪ್ಪಿಸ್ತಿದ್ದೆ, ಇಲ್ಲಾಂದ್ರೆ ಕೇಳಿಸ್ಲೇ ಇಲ್ಲ ಅನ್ನೋ ಹಂಗೆ ಗಾಡಿ ಓಡಿಸ್ಬಿಡ್ತಿದ್ದೆ. ಆಮೇಲೆ ಗಮನಿಸಿದ್ರೆ ಮಾವ ಅದೇ ಪ್ರಶ್ನೆಗೆ "ಹಿಂಗೇ, ಕೆಳಗೆ" ಅಂತಾರೆ ಅಷ್ಟೇ, ಕೇಳಿದವ್ರು "ಹೌದಾ" ಅಂತ ಹೋಗ್ತಾರೆ! ನಾನೂ ಅದನ್ನೇ ಕಲ್ತೆ. ಗುಡ್ಡ ಹತ್ತುವಾಗ್ಲೂ "ಹಿಂಗೇ, ಕೆಳಗೆ" ಅಂತೀನಿ, ಯಾರೂ ಏನೂ ಅಂದಿಲ್ಲ.

ದೊಡ್ಡ ಎಡವಟ್ಟು ಆಗಿದ್ದು ಹೇಳಿಕೆ (ಅಂದ್ರೆ ಕಾರ್ಯಕ್ಕೆ ಕರೆಯೋದು) ವಿಷ್ಯದಲ್ಲಿ. ಮೇಲ್ಮನೆ ಗೃಹಪ್ರವೇಶಕ್ಕೆ ಗಂಡ ಹೆಂಡ್ತಿ ಇಬ್ರೂ ಬಂದು ಕುಂಕುಮ ಕೊಟ್ಟು ಹೇಳಿ ಹೋಗಿದ್ರು, ನಾನು ಮರ್ಯಾದೆಗೆ ಕರೆದಿರ್ತಾರೆ ಬಿಡು, ನಾನೊಬ್ಬ ಹೋಗ್ದಿದ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಗೊತ್ತಾಯ್ತು. "ಅಳಿಯಂದ್ರಿಗೆ ನಮ್ಮನೆ ಊಟ ಸೇರಲ್ವೇನೋ" ಅಂತ ಮಾತು ಬಂತು. ಪೇಟೆಯಲ್ಲಿ ಸುಮ್ನಿದ್ರೆ ಒಳ್ಳೆಯವ್ನು, ಇಲ್ಲಿ ಸುಮ್ನಿದ್ರೆ ಜಂಭದವ್ನು.

ಮುಂದಿನ ಸಲ ಹೋದೆ, ಆದ್ರೆ ಊಟಕ್ಕೆ ಮುಂಚೆ ಚಪ್ಪರದಲ್ಲಿ ಕೂತು ಏನು ಮಾತಾಡೋದು? ತಪ್ಪಿಸ್ಕೊಳ್ಳೋಕೆ ಅಂತ ಅಡುಗೆ ಮನೆ ಕಡೆ ಹೋದ್ರೆ ಯಾರೋ ಕೈಗೆ ನೀರಿನ ಜಗ್ಗು ಕೊಟ್ರು, ಅದೇ ನನ್ನ ಉಳಿಸಿದ್ದು. ಜಗ್ಗು ಹಿಡ್ಕೊಂಡವ್ನ ಹತ್ರ ಸಂಬಳ ಎಷ್ಟು, ಮಕ್ಕಳು ಯಾವಾಗ ಅಂತ ಯಾರೂ ಕೇಳಲ್ಲ, "ಇಲ್ಲಿಗೆ ನೀರು" ಅಂತಾರೆ ಅಷ್ಟೇ. ಎರಡು ಪಂಕ್ತಿ ಮುಗಿಯೋದ್ರಲ್ಲಿ ಎಲ್ರ ಮುಖ ಪರಿಚಯ ಆಗಿರುತ್ತೆ. ನನ್ನಂಥ ಸಂಕೋಚದವ್ರು ಹಳ್ಳಿಗೆ ಹೋಗ್ತಿದ್ರೆ ಬೇರೇನೂ ಬೇಡ, ಬಡಿಸೋಕೆ ನಿಲ್ಲಿ.

ಅಡಿಕೆ ಸುಲಿಯೋದೂ ಹಂಗೇನೇ. ಸುಗ್ಗಿಲಿ ಸಾಯಂಕಾಲ ಅಂಗಳದಲ್ಲಿ ಹತ್ತು ಹನ್ನೆರಡು ಜನ ಕೂತಿರ್ತಾರೆ, ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯೋ ಕತ್ತಿ) ಮುಂದೆ ಕೂತ್ರೆ ಕಣ್ಣು ಕೈ ಮೇಲೇ ಇರ್ಬೇಕು, ಇಲ್ಲಾಂದ್ರೆ ಬೆರಳು ಹೋಯ್ತು ಅಂತಲೇ, ಹಂಗಾಗಿ ಯಾರೂ ಯಾರ ಮುಖಾನೂ ನೋಡಲ್ಲ. ಮಾತು ಅದರ ಪಾಡಿಗೆ ನಡೀತಿರುತ್ತೆ, ನಾನು ಗಂಟೆಗೊಂದು "ಹೌದು" ಸೇರಿಸಿದ್ರೆ ಸಾಕು. ನನ್ನ ಸ್ಪೀಡ್ ನೋಡಿ ನಕ್ಕಿದ್ದೇ ನಕ್ಕಿದ್ದು, ಅವ್ರು ಒಂದು ಡಬ್ಬ ಮುಗಿಸೋದ್ರಲ್ಲಿ ನಂದು ತಳ ಮುಚ್ಚಿರ್ತಿರ್ಲಿಲ್ಲ. ಮಳೆ ಶುರುವಾದ್ಮೇಲೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೆಯುವಾಗ್ಲೂ ಕಲಸೋ ಕೆಲಸ ನಂದೇ, 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಅದರಲ್ಲಿ ಮಾತಿಗೆ ಜಾಗವೇ ಇಲ್ಲ.

ಬಡಿಸೋದ್ರಲ್ಲಿ ಪ್ರಮೋಷನ್ ಮಾತ್ರ ನಿಧಾನ. ಜಗ್ಗಿಂದ ಉಪ್ಪು ಉಪ್ಪಿನಕಾಯಿಗೆ ಬರೋಕೆ ಒಂದು ವರ್ಷ, ಪಲ್ಯಕ್ಕೆ ಇನ್ನೊಂದು. ಹೋದ ತಿಂಗಳು ಒಂದು ಉಪನಯನದಲ್ಲಿ ಸಾರಿನ ಬಕೆಟ್ಟೇ ಕೊಟ್ಬಿಟ್ರು, ಮೂರನೇ ಎಲೆಗೇ ಒಬ್ರ ಪಂಚೆ ಮೇಲೆ ಚೆಲ್ದೆ. "ಇರ್ಲಿ ಭಾವ, ಸಾರಲ್ವಾ" ಅಂದ್ರು ಪಾಪ, ಆದ್ರೆ ಮುಂದಿನ ಪಂಕ್ತಿಗೆ ಕೈಗೆ ಮತ್ತೆ ಜಗ್ಗು ಬಂತು.