ಪ್ಲಾಸ್ಮಾ ಕನ್ನಡಿ ಇಟ್ಟ ಮೇಲೆ ತೆಳು ಹಾಳೆ ಉಳಿಯಿತು

ತೆಳು ಲೋಹದ ಹಾಳೆಗೆ ಲೇಸರ್ ಹೊಡೆದು ಅದರಿಂದ ಪ್ರೋಟಾನುಗಳನ್ನು ಚಿಮ್ಮಿಸುವುದು ನಮ್ಮ ಕೆಲಸ. ಲೇಸರಿನ ಶಕ್ತಿಯ ಮೂರರಲ್ಲೊಂದು ಪಾಲನ್ನು ದಾರಿಯಲ್ಲಿಟ್ಟ ಪ್ಲಾಸ್ಮಾ ಕನ್ನಡಿಗೇ ಬಿಟ್ಟುಕೊಟ್ಟರೆ ಪ್ರೋಟಾನುಗಳ ಶಕ್ತಿ ಕುಗ್ಗುವುದೇ ಹೊರತು ಏರಲಾರದೆಂದು ಗುಂಪಿನ ಹಿರಿಯರು ಕೊನೆಯವರೆಗೂ ವಾದಿಸಿದ್ದರು. ಈಗ ಅರ್ಧ ಮೈಕ್ರಾನಿಗಿಂತ ತೆಳುವಾದ ಹಾಳೆಯ ಹಿಂಬದಿಯಿಂದ ಸುಮಾರು 7 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್, ಕಣದ ಶಕ್ತಿಯ ಅಳತೆ) ಪ್ರೋಟಾನುಗಳು ಹೊಡೆತದಿಂದ ಹೊಡೆತಕ್ಕೆ ತಪ್ಪದೆ ಹೊರಡುತ್ತಿರುವುದರಿಂದ, ಮಾಡಿದ ಬಗೆಯನ್ನು ಬರೆದಿಡುತ್ತಿದ್ದೇನೆ.

ನಮ್ಮದು 800 ನ್ಯಾನೋಮೀಟರಿನ ಟೈಟೇನಿಯಂ-ಸಫೈರ್ ಲೇಸರ್. ಸ್ಪಂದ, ಅಂದರೆ ಒಂದು ಹೊಡೆತದ ಬೆಳಕು, 30 ಫೆಮ್ಟೋಸೆಕೆಂಡಿನ ಆಸುಪಾಸಿನದು, ಬೆಳಕು ಒಟ್ಟುಗೂಡುವ ನಾಭಿಯ ತೀವ್ರತೆ ಚದರ ಸೆಂಟಿಮೀಟರಿಗೆ 10¹⁹ ವ್ಯಾಟ್. ತೊಡಕಿದ್ದದ್ದು ಮುಖ್ಯ ಸ್ಪಂದದಲ್ಲಲ್ಲ, ಅದಕ್ಕಿಂತ ನ್ಯಾನೋಸೆಕೆಂಡಿನಷ್ಟು ಮುಂಚೆ ಬರುವ ಮಂದ ಬೆಳಕಿನಲ್ಲಿ. ಅದು ಹತ್ತು ಕೋಟಿಯಲ್ಲೊಂದು ಪಾಲಿದ್ದರೂ 10¹¹ ವ್ಯಾಟ್ ಮುಟ್ಟುತ್ತದೆ. ಹಾಳೆಯ ಮುಂಬದಿ ಆವಿಯಾಗಿ, ಒಳಹೊಕ್ಕ ಆಘಾತ ತರಂಗ ಹಿಂಬದಿಯನ್ನು ಕದಡಲು ಅಷ್ಟು ಸಾಕು. 10 ಮೈಕ್ರಾನಿನ ಅಲ್ಯೂಮಿನಿಯಂನಲ್ಲಿ 3 ಎಂಇವಿ ಸಿಗುತ್ತಿದ್ದರೂ, 1 ಮೈಕ್ರಾನಿಗೆ ಇಳಿದೊಡನೆ ಸಿಆರ್-39 ಫಲಕಗಳಲ್ಲಿ (ಪ್ರೋಟಾನು ಬಿದ್ದ ಗುರುತು ಉಳಿಸಿಕೊಳ್ಳುವ ಪ್ಲಾಸ್ಟಿಕ್) ಒಂದು ಕುಳಿಯೂ ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಅಷ್ಟರಲ್ಲಿ ಸಿಡಿದ ಚೂರುಗಳು ಬೆಳಕನ್ನು ನಾಭಿಗೆ ಕೂಡಿಸುವ ಪ್ಯಾರಾಬೋಲಾ ಕನ್ನಡಿಯ ಲೇಪವನ್ನು ತಿಂದುಹಾಕಿ, ಅದನ್ನು ಬದಲಿಸಲು ವರ್ಷದ ಅನುದಾನದ ಕಾಲುಭಾಗ ಹೋಯಿತು. ಮುಂದಿನ ಕಂತು ಸಿಗುವುದೇ ಅನುಮಾನವಾಗಿತ್ತು.

ಪ್ರತಿಫಲನ ತಡೆಯುವ ಲೇಪವಿರುವ ಗಾಜನ್ನು ನಾಭಿಗಿಂತ ಮೊದಲು ನಿಲ್ಲಿಸಿದೆ. ಇದೇ ಪ್ಲಾಸ್ಮಾ ಕನ್ನಡಿ. ಮಂದ ಬೆಳಕು ಅದರ ಮೂಲಕ ಹಾದುಹೋಗುತ್ತದೆ. ಮುಖ್ಯ ಸ್ಪಂದದ ಏರುಮುಖ ಬಂದಾಗ ಮೇಲ್ಮೈ ಪ್ಲಾಸ್ಮಾ (ಎಲೆಕ್ಟ್ರಾನುಗಳು ಬಿಡಿಯಾದ ಬಿಸಿ ಅನಿಲ) ಆಗಿ ನೂರಕ್ಕೆ ಎಪ್ಪತ್ತರಷ್ಟನ್ನು ಹಾಳೆಯತ್ತ ತಿರುಗಿಸುತ್ತದೆ. ಗಾಜು ನಾಭಿಗೆ ತೀರಾ ಹತ್ತಿರವಾದರೆ ಪ್ಲಾಸ್ಮಾ ಬೇಗ ಹುಟ್ಟಿ, ಹಿಗ್ಗಿ, ಕಿರಣದ ಆಕಾರವನ್ನೇ ಕೆಡಿಸುತ್ತದೆ. ದೂರವಾದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. 10¹⁵ರಿಂದ 10¹⁶ ವ್ಯಾಟಿನ ನಡುವೆ ನಾನು ಆರಿಸಿಕೊಂಡ ಬಿಂದುವನ್ನು ಇಲ್ಲಿ ಹೇಳುವುದಿಲ್ಲ, ಹಾಳೆಯನ್ನು ಸುಕ್ಕಿಲ್ಲದೆ ಚೌಕಟ್ಟಿಗೆ ಅಂಟಿಸುವ ಉಪಾಯವನ್ನೂ ಅಷ್ಟೇ. ಪ್ರತಿ ಹೊಡೆತಕ್ಕೂ ಗಾಜಿನ ಹೊಸ ಜಾಗ ಬೇಕು. ಒಂದು ಫಲಕದಲ್ಲಿ ನೂರಿನ್ನೂರು ಹೊಡೆತ ಸಿಗುತ್ತವೆಯಾದ್ದರಿಂದ ಹಾಳಾದ ಪ್ಯಾರಾಬೋಲಾದ ಮುಂದೆ ಈ ಖರ್ಚು ಲೆಕ್ಕಕ್ಕೇ ಬಾರದು. ಕಾಂಟ್ರಾಸ್ಟ್, ಅಂದರೆ ಮಂದ ಬೆಳಕಿಗೆ ಹೋಲಿಸಿದರೆ ಮುಖ್ಯ ಸ್ಪಂದದ ತೀವ್ರತೆ, ನೂರು ಪಟ್ಟು ಸುಧಾರಿಸಿತು. ಹಾಳೆ ತೆಳುವಾದಷ್ಟೂ ಪ್ರೋಟಾನುಗಳ ಶಕ್ತಿ ಏರತೊಡಗಿದ್ದನ್ನು ಕಂಡ ಮೇಲೆ, ಮೊದಲು ಅನುಮಾನಿಸಿದವರೇ ನಮ್ಮ ಜೋಡಣೆಯ ನಕ್ಷೆ ಕೇಳಿ ಪಡೆದರು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪ್ರೋಟಾನುಗಳು ಬರುವುದು ಲೋಹದಿಂದಲ್ಲ, ಅದರ ಮೇಲೆ ಕುಳಿತ ನೀರು ಮತ್ತು ಎಣ್ಣೆಯ ಅಂಶಗಳಿಂದ; ಆದ್ದರಿಂದ ಒಂದು ಟಂಗ್‌ಸ್ಟನ್ ಹಾಳೆಯನ್ನು ನಿರ್ವಾತದಲ್ಲೇ ಚೆನ್ನಾಗಿ ಕಾಯಿಸಿ ನಂತರ ಹೊಡೆದೆ. ಅಯಾನುಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಗೆರೆಗಳಾಗಿ ತೋರಿಸುವ ಥಾಮ್ಸನ್ ಪ್ಯಾರಾಬೋಲಾ ವರ್ಣಪಟಲದಲ್ಲಿ ಪ್ರೋಟಾನಿನ ಗೆರೆ ಬಹುತೇಕ ಅಳಿಸಿಹೋಗಿ, ಇಂಗಾಲದ ಅಯಾನುಗಳ ಗೆರೆಗಳು ಮೊದಲಿಗಿಂತ ಉದ್ದವಾಗಿ ಮೂಡಿದವು. ಭಾರದ ಅಯಾನುಗಳು ಬೇಕಾದವರಿಗೆ ಈ ದಾರಿಯೇ ಹೆಚ್ಚು ಲಾಭದ್ದೆಂದು ನನ್ನ ಎಣಿಕೆ. ಮುಂದಿನ ಸರದಿಯಲ್ಲಿ ಕಾಯಿಸುವುದನ್ನೂ ಪ್ಲಾಸ್ಮಾ ಕನ್ನಡಿಯನ್ನೂ ಒಟ್ಟಿಗೇ ಬಳಸಲಿದ್ದೇನೆ.